ಒಂದು ಮೋಟಾರಿನ ವಂಶಾವಳಿ

ನಮ್ಮ ಪತ್ರಿಕೆಗೆ ಏನಾದರೂ ಬರೆದುಕೊಡೆಂದು ಸಂಪಾದಕ ಮಿತ್ರರು ಕೇಳಿದಾಗ, ಕಡೂರು ತರೀಕೆರೆಗಳ ಸೀಮೆಯಲ್ಲಿ ವಿಷಯಕ್ಕೆ ಬರವೇ ಎಂದು ತಾವೇ ಒಂದು ಪಟ್ಟಿಯನ್ನೂ ಕೊಟ್ಟರು: ಮದಗದ ಕೆರೆ, ಅಮೃತಾಪುರದ ದೇವಾಲಯ, ಕಲ್ಲತ್ತಿಗಿರಿಯ ಜಲಪಾತ, ಕೆಮ್ಮಣ್ಣುಗುಂಡಿ. ಇವುಗಳಲ್ಲಿ ಯಾವುದೂ ಪ್ರಬಂಧಕಾರರ ಕೈಗೆ ಸಿಕ್ಕದೆ ಉಳಿದದ್ದಲ್ಲ. ಕೆರೆಯ ನೀರು ಬೇಸಗೆಯಲ್ಲಿ ಇಳಿಯುವುದುಂಟು. ಅದರ ಮೇಲಿನ ಪ್ರಬಂಧಗಳು ಇಳಿದದ್ದನ್ನು ನಾನು ಕಾಣೆ. ಆದುದರಿಂದ ಆ ಪಟ್ಟಿಯನ್ನು ಬದಿಗಿಟ್ಟು, ನಮ್ಮ ಮನೆಯ ಅನ್ನಕ್ಕೆ ಸಂಬಂಧಪಟ್ಟ ಒಂದು ವಸ್ತುವನ್ನು ಕುರಿತು ಬರೆಯುತ್ತೇನೆ. ಅದು ಜರ್ಮನಿಯ ಒಂದು ಮೋಟಾರು ಕಾರು. ಬಿ.ಎಂ.ಡಬ್ಲ್ಯು. ಕಂಪನಿಯವರು ಅದನ್ನು ಮೂರನೆಯ ಸರಣಿ ಎಂದು ಕರೆಯುತ್ತಾರೆ.

ನಮ್ಮ ಮನೆಗೂ ಅಂಥ ಕಾರಿಗೂ ಏನು ಸಂಬಂಧವೆಂದು ನಗಬೇಡಿರಿ. ನಮ್ಮ ತಂದೆಯವರು ಡ್ರೈವರು. ಲಿಂಗದಹಳ್ಳಿಯ ಕಡೆಯ ಒಬ್ಬ ತೋಟದ ಯಜಮಾನರ ಮನೆಯಲ್ಲಿ 1994ರಿಂದ ಮೋಟಾರು ನಡೆಸುತ್ತಿದ್ದಾರೆ. ಆ ಮನೆಗೆ ಈ ಸರಣಿಯ ಮೂರು ತಲೆಮಾರಿನ ಕಾರುಗಳು ಒಂದರ ಹಿಂದೊಂದರಂತೆ ಬಂದುವು. ಮೂರನ್ನೂ ತೊಳೆದವರು ನಮ್ಮ ತಂದೆ. ಎರಡನ್ನು ನಡೆಸಿದವರೂ ಅವರೇ. ನಡುವಿನದನ್ನು ಏಕೆ ನಡೆಸಲಿಲ್ಲ ಎಂಬುದೇ ಈ ಲೇಖನದ ಅರ್ಧ ಕಥೆ.

ನಮ್ಮ ಊರು ಅಜ್ಜಂಪುರದ ಮಗ್ಗುಲಿನದು. ಅಜ್ಜಂಪುರದವರಿಗೆ ತಳಿ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಮೃತಮಹಲ್ ರಾಸುಗಳ ಕೇಂದ್ರ ಇರುವುದು ಅಲ್ಲಿಯೇ. ಮೈಸೂರಿನ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿ ಕಟ್ಟಿದ ಮಂದೆಗೆ ಟಿಪ್ಪು ಸುಲ್ತಾನನು ಅಮೃತಮಹಲ್ ಎಂಬ ಹೊಸ ಹೆಸರನ್ನಿಟ್ಟನು. ಬೆಣ್ಣೆ, ಅಮೃತ ಎಂಬ ಹೆಸರುಗಳನ್ನು ಕೇಳಿ ಹಾಲಿನ ಹೊಳೆಯನ್ನು ಊಹಿಸಿಕೊಂಡವರು ಆ ಹಸುವಿನ ಕೆಚ್ಚಲ ಬಳಿ ಚೊಂಬು ಹಿಡಿದು ಕುಳಿತು ನೋಡಬೇಕು! ಈ ತಳಿಯನ್ನು ಸಾಕಿದ್ದು ಹಾಲಿಗಲ್ಲ; ಫಿರಂಗಿಯನ್ನೂ ದಂಡಿನ ಸಾಮಾನನ್ನೂ ವೇಗವಾಗಿ ಎಳೆಯುವುದಕ್ಕೆ. ಚಿದಂಬರದ ಸಹಾಯಕ್ಕೆ ಹೊರಟ ಹೈದರಾಲಿಯ ಸೈನ್ಯ ಇವುಗಳ ಬಲದಿಂದ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆಯಿತೆಂದು ಹಳೆಯ ಇಂಗ್ಲಿಷ್ ಬರಹಗಳಲ್ಲಿದೆ. 1799ರ ತರುವಾಯ ಮಂದೆ ಇಂಗ್ಲಿಷರ ಕೈಸೇರಿತು. 1860ರಲ್ಲಿ ಖರ್ಚು ಉಳಿಸಬೇಕೆಂದು ಮಂದೆಯನ್ನೇ ಮಾರಿಬಿಟ್ಟರು. ಮಾರಿದ ಮೇಲೆ ಅದರ ಬೆಲೆ ತಿಳಿಯಿತು. 1866ರಲ್ಲಿ ಮತ್ತೆ ಹುಡುಕಿ ಕಟ್ಟಬೇಕಾಯಿತು. ಉಳಿತಾಯವೆಂಬುದು ಎಷ್ಟೋ ಸಲ ಹೀಗೆಯೇ ದುಬಾರಿ.

ಇದನ್ನೇಕೆ ಹೇಳಿದೆನೆಂದರೆ, ನಮ್ಮ ತಾತ ಹರಾಜಿನಲ್ಲಿ ತಂದ ಅಮೃತಮಹಲ್ ಹೋರಿಗಳನ್ನು ಗಾಡಿಗೆ ಹೂಡಿದವರು. ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೊಂಬು, ಯಾರ ಮಾತನ್ನೂ ಸುಲಭಕ್ಕೆ ಕೇಳದ ಕಣ್ಣು. ತಾತನು ಮಗನಿಗೆ ಕಲಿಸಿದ ವಿದ್ಯೆ ಎರಡೇ: ಓಟದ ರಾಸನ್ನು ಭಾರದ ರಾಸಿನಂತೆ ಹೊಡೆಯಬಾರದು, ಗಾಡಿಯ ಭಾರವನ್ನು ಅಚ್ಚಿನ ಮೇಲೆ ತೂಗಿಸಬೇಕು. ಮುಂಭಾರವಾದರೆ ನೊಗ ಹೋರಿಯ ಕತ್ತನ್ನು ಅರೆಯುತ್ತದೆ. ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು ಕೊರಳನ್ನು ಬಿಗಿಯುತ್ತದೆ. ಈ ಎರಡು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಜರ್ಮನಿಯವರ ಕಾರಿನ ಗುಟ್ಟು ಮುಕ್ಕಾಲುಪಾಲು ತಿಳಿದಂತೆಯೇ ಸರಿ.

ಮ್ಯೂನಿಕ್ ನಗರದ ಈ ಕಂಪನಿಯೂ ಒಮ್ಮೆ ಮಾರಾಟಕ್ಕೆ ನಿಂತಿತ್ತು. 1959ರ ಡಿಸೆಂಬರಿನಲ್ಲಿ ನಷ್ಟದ ಹೊರೆಯಲ್ಲಿ ಮುಳುಗಿ, ಬೆಂಜ್ ಕಾರಿನ ಒಡೆಯರಾದ ಡೈಮ್ಲರಿನವರ ಪಾಲಾಗುವುದರಲ್ಲಿತ್ತು. ಸಣ್ಣ ಪಾಲುದಾರರು ಸಭೆಯಲ್ಲಿ ಎದ್ದು ನಿಂತು ಒಪ್ಪುವುದಿಲ್ಲವೆಂದರು. ಹರ್ಬರ್ಟ್ ಕ್ವಾಂಟ್ ಎಂಬ ಶ್ರೀಮಂತರು ಬಂಡವಾಳ ಹಾಕಿ ಉಳಿಸಿಕೊಂಡರು. 1962ರಲ್ಲಿ 'ಹೊಸ ವರ್ಗ' ಎಂಬ ಅರ್ಥದ ಹೆಸರಿನಲ್ಲಿ 1500 ಎಂಬ ನಾಲ್ಕು ಬಾಗಿಲಿನ ಕಾರು ಹೊರಬಂದಿತು. 1966ರಲ್ಲಿ ಅದನ್ನೇ ಮೊಟಕು ಮಾಡಿ ಎರಡು ಬಾಗಿಲಿನದೊಂದನ್ನು ಮಾಡಿದರು. 1968ರಲ್ಲಿ ಈ ಪುಟ್ಟ ಮೈಯೊಳಕ್ಕೆ ಎರಡು ಲೀಟರಿನ ದೊಡ್ಡ ಎಂಜಿನನ್ನು ಇಳಿಸಿದರು. ಅದಕ್ಕೆ 2002 ಎಂದು ಹೆಸರು. ಹೆಸರನ್ನು ನೋಡಿ ಇಸವಿಯೆಂದುಕೊಳ್ಳಬಾರದು.

ನಾಲ್ಕು ಜನ ಸಂಸಾರಸ್ಥರು ಕುಳಿತು ಸಂತೆಗೆ ಹೋಗಬಹುದಾದ ಪೆಟ್ಟಿಗೆಯಾಕಾರದ ಕಾರು, ಪಂದ್ಯದ ಕಾರಿನಂತೆ ಓಡುವುದೆಂದರೆ ಜನಕ್ಕೆ ಸೋಜಿಗ. ಐಷಾರಾಮದ ಕಾರು ಎಂದರೆ ಅಲ್ಲಿಯವರೆಗೆ ದಿವಾನಖಾನೆಯಂತೆ ಇರಬೇಕು. ಓಟದ ಕಾರು ಎಂದರೆ ಎರಡೇ ಆಸನ, ಮಳೆ ಬಂದರೆ ತಲೆಯ ಮೇಲೆ ಬಟ್ಟೆ. ಇವೆರಡಕ್ಕೂ ಮದುವೆ ಮಾಡಿಸಿದ ಖ್ಯಾತಿ ಇದೊಂದಕ್ಕೇ ಸಲ್ಲತಕ್ಕದ್ದಲ್ಲ. ಇಟಲಿಯವರೂ ಇಂಗ್ಲೆಂಡಿನವರೂ ಇದೇ ಪ್ರಯತ್ನವನ್ನು ಮಾಡಿದ್ದರು. ಆದರೆ ಆ ಸಂಸಾರ ತಲೆಮಾರುಗಳ ಕಾಲ ಮುರಿಯದೆ ನಡೆದದ್ದು ಇಲ್ಲಿ ಎಂದು ಹೇಳಬಹುದು.

ಮೂರನೆಯ ಸರಣಿ ಎಂಬ ಹೆಸರು ಬಂದದ್ದು 1975ರಲ್ಲಿ. ಪಾಲ್ ಬ್ರಾಕ್ ಎಂಬ ಫ್ರೆಂಚ್ ಕಲಾವಿದನ ಕಾಲದ ರೂಪ ಅದು. ಉದ್ದ 4,355 ಮಿಲಿಮೀಟರು, ಅಗಲ 1,610, ತೂಕ ಸಾವಿರ ಕಿಲೋಗ್ರಾಮಿನ ಆಸುಪಾಸು. ಎಂಜಿನ್ ಮುಂದೆ, ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಮುಂದಿನ ಚಕ್ರಗಳು ತಿರುಗುವ ಕೆಲಸವೊಂದನ್ನೇ ಮಾಡುತ್ತವೆ, ತಳ್ಳುವ ಕೆಲಸ ಹಿಂದಿನವಕ್ಕೆ. ಮುಂದಿನ ಅಚ್ಚಿನ ಮೇಲೆ ಅರ್ಧ ಭಾರ, ಹಿಂದಿನ ಅಚ್ಚಿನ ಮೇಲೆ ಅರ್ಧ ಭಾರ ಎಂಬುದು ಈ ಕಂಪನಿಯವರ ವ್ರತ. ಪ್ರತಿ ತಲೆಮಾರಿನಲ್ಲಿಯೂ ಅವರು ಈ ಲೆಕ್ಕದ ಹತ್ತಿರಕ್ಕೆ ಬರಲು ಹೆಣಗಿದ್ದಾರೆ. ನಮ್ಮ ತಂದೆಯವರಿಗೆ ಯಾರೋ ಮೆಕ್ಯಾನಿಕ್ ಇದನ್ನು ಬಹಳ ಗಂಭೀರವಾಗಿ ವಿವರಿಸಿದಾಗ, "ಅಂದರೆ ಮುಂಭಾರ ಹಿಂಭಾರ ಆಗಬಾರದು ಅನ್ನಿ" ಎಂದು ಒಂದು ಮಾತಿನಲ್ಲಿ ಮುಗಿಸಿದರಂತೆ. ಮ್ಯೂನಿಕ್ಕಿನ ವಿದ್ಯೆ ನಮ್ಮ ಕೊಟ್ಟಿಗೆಯಲ್ಲಿ ಮೊದಲೇ ಇತ್ತು.

ಆ ಮೊದಲ ತಲೆಮಾರಿನ ಇನ್ನೊಂದು ವಿಶೇಷವನ್ನು ಹೇಳಲೇಬೇಕು. ಕಾರಿನ ಮುಂಭಾಗದ ಹಲಗೆ ನೇರವಾಗಿರದೆ, ನಡೆಸುವವನ ಕಡೆಗೆ ಓರೆಯಾಗಿ ತಿರುಗಿತ್ತು. ಪಕ್ಕದವನಿಗೂ ಹಿಂದೆ ಕುಳಿತವನಿಗೂ ಗುಂಡಿಗಳು ಸರಿಯಾಗಿ ಕಾಣಬೇಕಾದ ಅಗತ್ಯವಿಲ್ಲ. ಗಾಡಿ ಯಾರದಾದರೂ ಆಗಲಿ, ಈ ಜಾಗದ ಯಜಮಾನ ಸಾರಥಿ ಎಂಬ ಅಭಿಪ್ರಾಯ. ಅಮೆರಿಕದಲ್ಲಿ ಮಾರುವಾಗ ಕಂಪನಿಯವರು ಸಾರಿದ್ದೂ ಹೀಗೆಯೇ: ಇದು ನಡೆಸುವವನಿಗಾಗಿ ಮಾಡಿದ ಯಂತ್ರ. ನನ್ನ ಲೇಖನದ ಎಳೆ ಇದು. ನಡೆಸುವವನಿಗಾಗಿ ಹುಟ್ಟಿದ ಒಂದು ತಳಿ ತಲೆಮಾರು ತಲೆಮಾರಿಗೂ ಉತ್ತಮವಾಗುತ್ತ, ಅವನ ಕೈಯಿಂದ ಒಂದೊಂದೇ ಕೆಲಸವನ್ನು ತೆಗೆದುಕೊಳ್ಳುತ್ತ ಹೋದದ್ದು ಹೇಗೆ?

ಎರಡನೆಯ ತಲೆಮಾರು 1982ರದು. ಅದನ್ನು ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೇನೆ. ಆದರೂ ಏಳರಲ್ಲಿ ನನ್ನ ಕಣ್ಣಿಗೆ ಅತ್ಯಂತ ಹಿತವಾದುದು ಅದೇ. ನಿಟ್ಟನೆಯ ಗೆರೆಗಳು, ದುಂಡನೆಯ ನಾಲ್ಕು ದೀಪಗಳು, ಮುಖದ ನಡುವೆ 1933ರಿಂದ ಬಂದ ಜೋಡಿ ಜಾಲರಿ. ಅಮೃತಮಹಲಿಗೆ ಕೊಂಬು ಹೇಗೋ ಈ ವಂಶಕ್ಕೆ ಆ ಜಾಲರಿ ಹಾಗೆ. ಎಲ್ಲಿ ನಿಂತಿದ್ದರೂ ಇಂಥವರ ಮನೆಯದೆಂದು ತಿಳಿಯುತ್ತದೆ. ಈ ತಲೆಮಾರಿನಲ್ಲಿ, 1983ರಲ್ಲಿ, ಮೊದಲ ಸಲ ನಾಲ್ಕು ಬಾಗಿಲುಗಳು ಬಂದುವು. 1985ರಲ್ಲಿ ಡೀಸೆಲ್ ಎಂಜಿನ್ನೂ ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ಮಾದರಿಯೂ ಬಂದುವು. 1986ರ ಎಂ-3 ಪಂದ್ಯದ ಅಂಗಳದಿಂದ ನೇರವಾಗಿ ಬೀದಿಗೆ ಇಳಿದುಬಂದ ಕಾರು. ಬೆಂಜಿನವರು ಇದರ ಎದುರಾಳಿಯಾಗಿ 190 ಎಂಬ ಕಾರನ್ನು ಬಿಟ್ಟದ್ದೂ 1982ರಲ್ಲಿಯೇ. ದೊಡ್ಡ ಮನೆಯವರು ಚಿಕ್ಕ ಮನೆಯವರ ಅಡುಗೆಯನ್ನು ಕಲಿತರು ಎನ್ನೋಣ.

ಇಷ್ಟೆಲ್ಲ ನಡೆಯುತ್ತಿರುವಾಗ ನಮ್ಮ ಕಡೂರಿನ ರಸ್ತೆಯಲ್ಲಿ ಏನಿತ್ತು? ಅಂಬಾಸಡರ್ ಇತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ರೂಪವನ್ನು ತಂದು ಬಂಗಾಳದ ಉತ್ತರಪಾರದಲ್ಲಿ 1958ರಲ್ಲಿ ಮಾಡಲಾರಂಭಿಸಿದ್ದು, 2014ರವರೆಗೆ ಅದೇ ಮೈಯಲ್ಲಿ ನಡೆಯಿತು. ಅದಕ್ಕೂ ತಲೆಮಾರುಗಳಿದ್ದುವು: ಮಾರ್ಕ್ ಎರಡು, ಮಾರ್ಕ್ ಮೂರು, ಮಾರ್ಕ್ ನಾಲ್ಕು. ಆದರೆ ಜಾಲರಿಯ ಗೆರೆಗಳನ್ನು ಎಣಿಸಿ ನೋಡುವವರಿಗೆ ಹೊರತು ಉಳಿದವರಿಗೆ ಭೇದ ತಿಳಿಯದು. ಅಲ್ಲಿ ಐವತ್ತು ವರ್ಷಗಳಲ್ಲಿ ಏಳು ತಲೆಮಾರು, ಇಲ್ಲಿ ಐವತ್ತಾರು ವರ್ಷಗಳಲ್ಲಿ ಒಂದೇ ಮೈ! ಇದನ್ನು ಹೇಳಿ ನಮ್ಮವರನ್ನು ಹೀಗಳೆಯುವುದು ಸುಲಭ. ಆದರೆ ತರೀಕೆರೆಯ ಯಾವ ಕಮ್ಮಾರನೂ ಬಿಚ್ಚಿ ಕಟ್ಟಬಲ್ಲ, ಒಳಗೆ ಏಳು ಜನ ಹಿಡಿಸುವ, ಮಳೆಗಾಲದ ತೋಟದ ದಾರಿಯಲ್ಲಿ ಹೊಟ್ಟೆ ತಾಗದ ಗಾಡಿಯನ್ನು ಜರ್ಮನಿಯವರು ಮಾಡಿರಲಿಲ್ಲವೆಂಬುದನ್ನೂ ಹೇಳಬೇಕಷ್ಟೆ.

ನಮ್ಮ ತಂದೆ ಕೆಲಸಕ್ಕೆ ಸೇರಿದಾಗ ಯಜಮಾನರ ಮನೆಯಲ್ಲಿದ್ದುದು ಅಂಥದೊಂದು ಹಳೆಯ ಅಂಬಾಸಡರ್. ಗೇರಿನ ಕೋಲು ಸ್ಟೀರಿಂಗಿನ ಕೊರಳಲ್ಲಿ. ಬ್ರೇಕು ಒತ್ತಿದರೆ ನಿಲ್ಲುವುದು ಅದರ ಮನಸ್ಸು. ಕೆಮ್ಮಣ್ಣುಗುಂಡಿಯ ಘಾಟಿಯಲ್ಲಿ ಇಳಿಯುವಾಗ ಎರಡನೆಯ ಗೇರಿನಲ್ಲಿ ಎಂಜಿನ್ನಿನ ಹಿಡಿತದ ಮೇಲೆಯೇ ಇಳಿಯಬೇಕು. ಎಣ್ಣೆ ಎಷ್ಟಿದೆಯೆಂದು ಕಡ್ಡಿ ಅದ್ದಿ ನೋಡಬೇಕು, ಬೆರಳಲ್ಲಿ ಉಜ್ಜಿ ಅದರ ಬಣ್ಣವನ್ನು ಓದಬೇಕು. ಬೇರಿಂಗು ಸವೆದರೆ ಮೈಲಿ ಮೊದಲೇ ಕಿವಿಗೆ ತಿಳಿಯಬೇಕು. ಹದಿನಾಲ್ಕು ವರ್ಷ ಹೀಗೆ ಕಲಿತ ವಿದ್ಯೆ ಅವರ ಆಸ್ತಿಯೆಲ್ಲ.

ಮೂರನೆಯ ತಲೆಮಾರು 1990ರಲ್ಲಿಯೂ ನಾಲ್ಕನೆಯದು 1998ರಲ್ಲಿಯೂ ಬಂದುವು. ಹಿಂದಿನ ಚಕ್ರಗಳನ್ನು ಹಲವು ತೋಳುಗಳಿಂದ ಹಿಡಿದು ನಿಲ್ಲಿಸುವ ಹೊಸ ಏರ್ಪಾಡು ಮೂರನೆಯದರಲ್ಲಿ ಆಯಿತು. ತಿರುವಿನ ನಡುವೆ ಕಾಲು ತೆಗೆದರೆ ಬಾಲ ಬೀಸುವ ಹಳೆಯ ಚಾಳಿ ಅಡಗಿದ್ದು ಅದರಿಂದಲೇ. ನಾಲ್ಕನೆಯದು ಮೂವತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಈ ಎರಡು ನಮ್ಮ ಸೀಮೆಯ ಕಣ್ಣಿಗೆ ಬೀಳಲಿಲ್ಲವಾಗಿ ನಾನೂ ಬೇಗನೆ ದಾಟುತ್ತೇನೆ.

ಐದನೆಯ ತಲೆಮಾರು 2005ರದು. 2007ರಲ್ಲಿ ಕಂಪನಿಯವರು ಚೆನ್ನೈನ ಹತ್ತಿರ ಕಾರ್ಖಾನೆ ತೆರೆದು ಮೊದಲು ಜೋಡಿಸಿದ್ದು ಈ ಕಾರನ್ನೇ. ಬೆಂಜಿನವರು 1995ರಲ್ಲಿಯೇ ಪುಣೆಯಲ್ಲಿ ಕೆಲಸ ತೊಡಗಿದ್ದರು. ಇವರು ಹನ್ನೆರಡು ವರ್ಷ ತಡವಾಗಿ ಬಂದರು. 2008ರಲ್ಲಿ ಯಜಮಾನರ ಮನೆಗೆ ಆರು ಸಿಲಿಂಡರಿನ ಪೆಟ್ರೋಲ್ ಕಾರೊಂದು ಬಂದಿತು. ಅದನ್ನು ಬೆಂಗಳೂರಿನಿಂದ ನಡೆಸಿಕೊಂಡು ಬಂದವರು ನಮ್ಮ ತಂದೆ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ. ಹೊನ್ನಾವರದ ಹೆದ್ದಾರಿಗೆ ಆಗ 206 ಎಂಬ ಅಂಕೆ, ಈಗ 69. ನಾನಾಗ ಎಳೆಯ ಮಗು; ಆದರೆ ಆ ಪ್ರಯಾಣದ ಕಥೆಯನ್ನು ಎಷ್ಟು ಸಲ ಕೇಳಿದ್ದೇನೆಂದರೆ ನಾನೇ ಹಿಂದಿನ ಆಸನದಲ್ಲಿದ್ದಂತೆ ತೋರುತ್ತದೆ. ಎಡಗಾಲಿಗೆ ಕೆಲಸವಿಲ್ಲವೆಂಬುದೇ ಅವರಿಗೆ ಮೊದಲ ದಿಗ್ಭ್ರಮೆ. ತಿಪಟೂರಿನವರೆಗೂ ಆ ಕಾಲು ಇಲ್ಲದ ಕ್ಲಚ್ಚನ್ನು ಹುಡುಕುತ್ತಿತ್ತಂತೆ. ಅರಸೀಕೆರೆ ದಾಟಿದ ಮೇಲೆ ಗಾಡಿ ಮಾತಾಡಲಾರಂಭಿಸಿತು ಎನ್ನುತ್ತಾರೆ. ಸ್ಟೀರಿಂಗಿಗೆ ಆಗ ಎಣ್ಣೆಯ ಒತ್ತಡದ ಸಹಾಯವಿತ್ತು. ಆ ಸಹಾಯದ ಮೂಲಕವೂ ರಸ್ತೆಯ ಹರಳು, ತೇಪೆ, ಮರಳು ಎಲ್ಲ ಅಂಗೈಗೆ ತಿಳಿಯುತ್ತಿತ್ತಂತೆ. "ಅಪ್ಪನ ಹೋರಿಗಳ ಹಗ್ಗ ಹಿಡಿದ ಹಾಗಿತ್ತು" ಎಂಬ ಮಾತನ್ನು ಅವರು ಆ ಕಾರಿಗೆ ಹೊರತು ಬೇರೆ ಯಾವ ಗಾಡಿಗೂ ಹೇಳಿದ್ದನ್ನು ನಾನು ಕೇಳಿಲ್ಲ.

ಆದರೂ ಆ ಕಾರೇ ಅವರ ವಿದ್ಯೆಯಿಂದ ಎರಡು ಪಾಠಗಳನ್ನು ಕಿತ್ತುಕೊಂಡಿತು. ಆ ಆರು ಸಿಲಿಂಡರಿನ ಎಂಜಿನ್ನಿಗೆ ಎಣ್ಣೆ ನೋಡುವ ಕಡ್ಡಿಯೇ ಇಲ್ಲ. ಗುಂಡಿ ಒತ್ತಿದರೆ ಗಾಜಿನ ಮೇಲೆ ಅಳತೆ ಮೂಡುತ್ತದೆ. ಬೆರಳಲ್ಲಿ ಉಜ್ಜುವುದಕ್ಕೆ ಏನೂ ಉಳಿಯಲಿಲ್ಲ. ಎರಡನೆಯದು ಟೈರು. ಗಾಳಿ ಹೋದರೂ ಗೋಡೆಯ ಬಲದ ಮೇಲೆಯೇ ಎಂಬತ್ತು ಕಿಲೋಮೀಟರು ಓಡುವಂಥ ಟೈರು ಅದು. ಆದುದರಿಂದ ಹೆಚ್ಚಿನ ಚಕ್ರವನ್ನು ಹೊತ್ತು ತಿರುಗುವ ಅಗತ್ಯವಿಲ್ಲ. ಒಂದು ರಾತ್ರಿ ಬೀರೂರಿನ ಆಚೆ ಮೊಳೆ ಚುಚ್ಚಿಯೂ ಮನೆಯವರನ್ನು ಕೂರಿಸಿಕೊಂಡು ತೋಟ ಸೇರಿದರೆಂದರೆ ಅದರ ಉಪಕಾರವನ್ನು ಅಲ್ಲಗಳೆಯಲಾದೀತೆ? ಮಳೆಯಲ್ಲಿ ಮಂಡಿಯೂರಿ ಜಾಕು ತಿರುಗಿಸಿದವರಿಗೇ ಆ ಸುಖ ತಿಳಿಯುವುದು. ಹಳೆಯದನ್ನೆಲ್ಲ ಹೊಗಳುವ ಉದ್ದೇಶ ನನಗೂ ಇಲ್ಲ, ಅವರಿಗಂತೂ ಮೊದಲೇ ಇಲ್ಲ. ಕಷ್ಟವನ್ನು ಕವಿತೆಯಂತೆ ಹೇಳುವವರು ಸಾಮಾನ್ಯವಾಗಿ ಹಿಂದಿನ ಸೀಟಿನಲ್ಲಿ ಕುಳಿತವರು.

ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಸಾರಥಿಯ ಕಡೆಗೆ ಓರೆಯಾಗಿ ತಿರುಗಿದ್ದ ಆ ಮುಂದಿನ ಹಲಗೆ, ಐದನೆಯ ತಲೆಮಾರಿನಲ್ಲಿ ನೇರವಾಗಿಬಿಟ್ಟಿತ್ತು. ಆರನೆಯದರಲ್ಲಿ ಮತ್ತೆ ಅವನ ಕಡೆಗೆ ತಿರುಗಿತು. ಹಲಗೆ ತಿರುಗಿದಾಗಲೇ ನಮ್ಮ ತಂದೆ ಆ ಜಾಗವನ್ನು ಕಳೆದುಕೊಂಡರು.

ಆರನೆಯ ತಲೆಮಾರು 2011ರ ಕೊನೆಯಲ್ಲಿ ಹೊರಬಿದ್ದು 2012ರಲ್ಲಿ ಪೇಟೆಗೆ ಬಂದಿತು. ಉದ್ದ 4,624 ಮಿಲಿಮೀಟರು. ಗೇರು ಎಂಟು, ಎಲ್ಲವೂ ತಾವಾಗಿಯೇ ಬದಲಾಗುವಂಥವು. ಎಂಜಿನ್ನುಗಳೆಲ್ಲ ಟರ್ಬೋ, ಸ್ಟೀರಿಂಗಿಗೆ ಎಣ್ಣೆಯ ಬದಲು ವಿದ್ಯುತ್ತಿನ ಮೋಟಾರು. ಇಂಧನ ಉಳಿಯುವುದು ನಿಜ; ಆದರೆ ರಸ್ತೆಯ ಸುದ್ದಿ ಅಂಗೈಗೆ ಬರುವುದು ಕಡಿಮೆಯಾಯಿತೆಂದು ಆ ವರ್ಷಗಳಲ್ಲಿ ಕಾರಿನ ವಿಮರ್ಶಕರೂ ಗೊಣಗಿದರು. ಒಂದು ಗುಂಡಿಯಿದೆ: ಒಮ್ಮೆ ಒತ್ತಿದರೆ ಗಾಡಿ ಸಾಧು, ಇನ್ನೊಮ್ಮೆ ಒತ್ತಿದರೆ ಪೋಕರಿ. ಹೋರಿಯ ಸ್ವಭಾವವನ್ನು ಗುಂಡಿಯಿಂದ ಬದಲಿಸುವಂತಿದ್ದರೆ ನಮ್ಮ ತಾತನ ಮೊಣಕಾಲು ಉಳಿಯುತ್ತಿತ್ತು.

2014ರಲ್ಲಿ ಅಡಿಕೆಯ ಬೆಲೆ ಯಾರೂ ಕಾಣದಷ್ಟು ಏರಿದ್ದು ತರೀಕೆರೆಯ ಕಡೆಯವರಿಗೆಲ್ಲ ನೆನಪಿದೆ. ಆ ವರ್ಷ ಯಜಮಾನರ ಮನೆಗೆ ಈ ಆರನೆಯ ತಲೆಮಾರಿನ ಡೀಸೆಲ್ ಕಾರು ಬಂದಿತು. ಬೆಂಗಳೂರಿನಲ್ಲಿ ಓದು ಮುಗಿಸಿ ಬಂದ ಮಗನೇ ಅದನ್ನು ಆರಿಸಿದವನು. ಕಾರು ಅಂಗಳಕ್ಕೆ ಬಂದ ದಿನವೇ ಅವನು, "ಇದು ಹಿಂದೆ ಕೂತುಕೊಳ್ಳೋ ಗಾಡಿ ಅಲ್ಲ" ಎಂದು ಬೀಗದ ಕೈಯನ್ನು ತನ್ನ ಜೇಬಿಗೆ ಹಾಕಿಕೊಂಡನು. ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಡೆಸುವವನಿಗಾಗಿ ಮಾಡಿದ ಕಾರನ್ನು ಹಣ ಕೊಟ್ಟವನು ತಾನೇ ನಡೆಸಬೇಕೆನ್ನುವುದು ನ್ಯಾಯವೇ. ಜರ್ಮನಿಯಲ್ಲಿ ಈ ಕಾರನ್ನು ಕೊಳ್ಳುವವರು ಡ್ರೈವರನ್ನಿಡುವುದಿಲ್ಲ. ಸಾರಥಿ ಬೇರೆ, ರಥಿಕ ಬೇರೆ ಎಂಬ ನಮ್ಮ ಭೇದ ಆ ಕಾರನ್ನು ಮಾಡಿದವರ ತಲೆಯಲ್ಲಿಯೇ ಇರಲಿಲ್ಲ.

ತಂದೆಯವರನ್ನು ಕೆಲಸದಿಂದ ತೆಗೆಯಲಿಲ್ಲ. ತೋಟದ ಜೀಪು ಕೊಟ್ಟರು. ಗೊಬ್ಬರ, ಆಳುಗಳು, ಅಡಿಕೆಯ ಮೂಟೆ. ಸಂಬಳವೂ ಅಷ್ಟೇ ಇತ್ತು. ಬೆಳಿಗ್ಗೆ ಆ ಹೊಸ ಕಾರನ್ನು ತೊಳೆದು, ಒರೆಸಿ, ಮೂತಿ ಗೇಟಿನ ಕಡೆಗಿರುವಂತೆ ನಿಲ್ಲಿಸುವುದು ಅವರ ಪಾಲಿನ ಸವಾರಿ: ಮೂವತ್ತು ಅಡಿ ದೂರ. ಏಳು ವರ್ಷ ಹೀಗೆ ನಡೆಯಿತು. ಅದರ ವಿಷಯವಾಗಿ ಅವರು ಮನೆಯಲ್ಲಿ ಒಂದು ಮಾತನ್ನೂ ಆಡಿದವರಲ್ಲ. ನಮ್ಮ ತಾಯಿ ಮಾತ್ರ, ಅವರು ವಾರಕ್ಕೊಮ್ಮೆ ಬಸ್ಸಿನಲ್ಲಿ ಊರಿಗೆ ಬರುವಾಗ ಡ್ರೈವರಿನ ಹಿಂದಿನ ಸೀಟನ್ನೇ ಹುಡುಕಿ ಕೂರುತ್ತಾರೆಂದೂ, ಅವನು ಗೇರು ಬದಲಿಸುವಾಗಲೆಲ್ಲ ಇವರ ಎಡಗಾಲು ಅಲುಗುತ್ತದೆಂದೂ ಹೇಳಿ ನಗುತ್ತಿದ್ದರು. ಆ ನಗುವಿನಲ್ಲಿ ನಾನು ಸೇರಿಕೊಳ್ಳಲಾಗುತ್ತಿರಲಿಲ್ಲ.

ಏಳನೆಯ ತಲೆಮಾರು 2018ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಕಾಣಿಸಿಕೊಂಡು 2019ರಲ್ಲಿ ಭಾರತಕ್ಕೆ ಬಂದಿತು. ಉದ್ದ 4,709, ಅಗಲ 1,827. ತೂಕ ಒಂದೂವರೆ ಸಾವಿರ ಕಿಲೋಗ್ರಾಮಿನ ಆಸುಪಾಸು. ಮೊದಲನೆಯದಕ್ಕಿಂತ ಸುಮಾರು ಮುಕ್ಕಾಲು ಮೊಳ ಉದ್ದ ಬೆಳೆದಂತಾಯಿತು. 1975ರ ಚಿಕ್ಕ ಎಂಜಿನ್ನಿನ ಶಕ್ತಿ 90 ಕುದುರೆ, ಆ ತಲೆಮಾರಿನ ಅತ್ಯಂತ ಬಲಿಷ್ಠವಾದದ್ದು 143. ಇಂದಿನ ಸಾಮಾನ್ಯ ಡೀಸೆಲ್ಲಿನದೇ 190. ಕೈಯಿಂದ ಎಳೆಯುವ ಬ್ರೇಕಿನ ಕೋಲು ಆರನೆಯದರಲ್ಲಿ ಇನ್ನೂ ಇತ್ತು. ಏಳನೆಯದರಲ್ಲಿ ಅದೂ ಹೋಗಿ ಒಂದು ಗುಂಡಿ ಉಳಿಯಿತು. ಅತ್ತ ಚಾಲಕನ ಕೈ ಹಗುರವಾಗುತ್ತ ಬಂದಂತೆ ಇತ್ತ ಗಾಡಿ ಅವನ ತಪ್ಪನ್ನು ತಿದ್ದುವುದರಲ್ಲಿ ಜಾಣನಾಗುತ್ತ ಬಂದಿತು. ಒದ್ದೆ ರಸ್ತೆಯಲ್ಲಿ ಜಾರುವ ಚಕ್ರವನ್ನು ಮನುಷ್ಯನ ಕಾಲಿಗಿಂತ ಮೊದಲು ಅದೇ ಅರಿತು ಹಿಡಿಯುತ್ತದೆ. ಇದರಿಂದ ಉಳಿದ ಪ್ರಾಣಗಳ ಎದುರು ಅಂಗೈಯ ಸುಖದ ಮಾತನ್ನು ಎತ್ತುವುದು ಹೇಗೆ? ಎತ್ತಲಾರದೆಯೂ ಬಿಡಲಾರದೆಯೂ ನಾನು ಬಹಳ ಸಲ ಒದ್ದಾಡಿದ್ದೇನೆ.

ಇನ್ನು ನಮ್ಮ ಮನೆಯ ಪಾಲಿಗೆ ನಡೆದ ವಿಶೇಷ. 2021ರ ಜನವರಿಯಲ್ಲಿ ಕಂಪನಿಯವರು ಈ ಕಾರಿನ ಉದ್ದನೆಯ ರೂಪವೊಂದನ್ನು ಭಾರತದಲ್ಲಿ ಬಿಟ್ಟರು. ಹೆಸರು ಗ್ರ್ಯಾನ್ ಲಿಮೋಸಿನ್. ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 110 ಮಿಲಿಮೀಟರು ಹೆಚ್ಚು. ಹೆಚ್ಚಿದ ಜಾಗವೆಲ್ಲ ಹಿಂದೆ ಕುಳಿತವನ ಕಾಲಿಗೆ. ನಡೆಸುವವನ ಯಂತ್ರವೆಂದು ನಾಲ್ಕೂವರೆ ದಶಕ ಸಾರಿದ ಕಾರು ನಮ್ಮ ದೇಶಕ್ಕೆ ಬಂದು, ನಾಲ್ಕು ಬೆರಳು ಹಿಂದಕ್ಕೆ ಸರಿದು, ಯಜಮಾನನಿಗೆ ಜಾಗ ಮಾಡಿಕೊಟ್ಟಿತು! ಇದನ್ನು ಓದಿ ಬೇಸರಪಟ್ಟ ಮೋಟಾರು ಪ್ರಿಯರು ಅನೇಕರಿರಬೇಕು. ಓಟದ ತಳಿಗೆ ಭಾರದ ನೊಗ ಹೊರಿಸಿದರೆಂದು ಅವರಿಗೆ ಅನ್ನಿಸಿದ್ದರೆ ಅದು ಸಹಜವೇ.

ನಾನು ಮಾತ್ರ ಬೇಸರಪಡಲಿಲ್ಲ. ಯಜಮಾನರಿಗೆ ಆ ವೇಳೆಗೆ ಮಂಡಿಯ ನೋವು ಬಂದಿತ್ತು; ಕಾಲು ಚಾಚಿ ಕೂರಬೇಕು. ಮಗನು ಎತ್ತರದ ಗಾಡಿಯೊಂದನ್ನು ಕೊಂಡು ಈ ಕಾರಿನ ಆಸೆ ಬಿಟ್ಟಿದ್ದನು. ಈಗಿನ ತರುಣರಿಗೆಲ್ಲ ಎತ್ತರದ ಗಾಡಿಯ ಹುಚ್ಚು. ತಗ್ಗಿದ ಮೈಯ ಸೆಡಾನು ಅಪ್ಪಂದಿರ ಕಾಲದ್ದಂತೆ. ಆ ವರ್ಷದ ಮಳೆಗಾಲ ಕಳೆದ ಮೇಲೆ ಉದ್ದನೆಯ ಕಾರು ಮನೆಗೆ ಬಂದಿತು. ಏಳು ವರ್ಷದ ತರುವಾಯ ನಮ್ಮ ತಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆ ಆಸನದಲ್ಲಿ ಕುಳಿತರು. ಮುಂದಿನ ಹಲಗೆ ಅವರ ಕಡೆಗೆ ಮುಖ ಮಾಡಿತ್ತು.

ಹೇಗಿದೆಯೆಂದು ನಾನು ಕೇಳಿದೆ. "ಬ್ರೇಕು ಚೆನ್ನಾಗಿದೆ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಹಗ್ಗ ಸ್ವಲ್ಪ ದೂರದಿಂದ ಹಿಡಿದ ಹಾಗೆ" ಎಂದರು. ಮತ್ತೂ ಸ್ವಲ್ಪ ಹೊತ್ತಿನ ಮೇಲೆ, ಕಲ್ಲತ್ತಿಗಿರಿಯ ತಿರುವುಗಳಲ್ಲಿ ಯಜಮಾನರು ನಿದ್ದೆ ಮಾಡಿದ್ದರೆಂದೂ, ಒಮ್ಮೆಯೂ ಎಚ್ಚರಾಗಲಿಲ್ಲವೆಂದೂ ಹೇಳಿದರು. ಅದನ್ನು ಹೇಳುವಾಗ ಅವರ ಮುಖ ಕಂಡರೆ, ಪಂದ್ಯ ಗೆದ್ದು ಬಂದವನ ಮುಖವೆಂದು ಯಾರಾದರೂ ತಿಳಿಯಬಹುದಿತ್ತು. ಹಿಂದೆ ಮಲಗಿದವನಿಗೆ ಎಚ್ಚರವಾಗದಂತೆ ಘಾಟಿ ಇಳಿಸುವ ವಿದ್ಯೆಗೆ ಇನ್ನೂ ಯಾರೂ ಗುಂಡಿ ಮಾಡಿಲ್ಲವೆಂದು ಅಂದು ನನಗೆ ತಿಳಿಯಿತು. ಅದನ್ನು ಜರ್ಮನಿಯವರು ತಮ್ಮ ಕಾರಿನ ಗುಣಗಳಲ್ಲಿ ಎಣಿಸುವರೋ ಇಲ್ಲವೋ, ನಾನು ಎಣಿಸುತ್ತೇನೆ.

ಎಂಟನೆಯ ತಲೆಮಾರಿನ ಕಾಲ ಬಂದಿದೆ. ವಿದ್ಯುತ್ತಿನಿಂದ ನಡೆಯುವ ತಮ್ಮ ಹೊಸ ಕಾರುಗಳಿಗೆ ಕಂಪನಿಯವರು 1962ರ ಆ 'ಹೊಸ ವರ್ಗ' ಎಂಬ ಹೆಸರನ್ನೇ ಮತ್ತೆ ಇಟ್ಟಿದ್ದಾರೆ. ಅದರ ಮೊದಲ ಕಾರನ್ನು 2025ರ ಸೆಪ್ಟೆಂಬರಿನಲ್ಲಿ ತೋರಿಸಿದರು. ಎತ್ತರದ ಗಾಡಿ ಅದು, ಹಂಗೇರಿಯ ಡೆಬ್ರೆಟ್ಸೆನ್ ಎಂಬಲ್ಲಿ ತಯಾರಾಗುತ್ತದೆ. ಎಂಜಿನ್ನಿನ ಸದ್ದಿಲ್ಲ, ಗೇರಿಲ್ಲ. ಬ್ಯಾಟರಿ ನೆಲದಲ್ಲಿ ಹಾಸಿರುವುದರಿಂದ ಮುಂಭಾರ ಹಿಂಭಾರದ ಲೆಕ್ಕವೂ ಸುಲಭವಾಗುತ್ತದಂತೆ. ಬೀರೂರಿನ ಆಚೆಯ ಬಾಸೂರಿನ ಅಮೃತಮಹಲ್ ಕಾವಲಿನಲ್ಲಿ ಈಗ ಕೃಷ್ಣಮೃಗಗಳು ಓಡುತ್ತವೆ. 2011ರಲ್ಲಿ ಅದನ್ನು ಅವುಗಳ ಸಂರಕ್ಷಣೆಯ ತಾಣವೆಂದು ಸಾರಿದರು. ಫಿರಂಗಿ ಎಳೆಯುವ ರಾಸಿಗಾಗಿ ಕಾಯ್ದ ಹುಲ್ಲು ಇನ್ನಾವುದೋ ಓಟಕ್ಕೆ ಒದಗಿತು. ಯಜಮಾನರ ಮನೆಗೆ ಮುಂದೆ ಏನು ಬರುವುದೋ ನನಗೆ ತಿಳಿಯದು.

ತಂದೆಯವರ ಕಣ್ಣಿಗೆ ರಾತ್ರಿಯ ಹೊತ್ತು ಎದುರಿನ ದೀಪಗಳು ಚೆದರಿದಂತೆ ಕಾಣಲಾರಂಭಿಸಿವೆ. ನಾನು ಪರೀಕ್ಷೆ ಮುಗಿಸಿದ ಮೇಲೆ ಬರುವೆನೇ ಎಂದು ಯಜಮಾನರು ಅವರನ್ನು ಕೇಳಿದ್ದಾರೆ. ಸಂಬಳ ಈಗ ಕಡಿಮೆಯೇನಲ್ಲ, ಬಿ.ಎ. ಮುಗಿಸಿದ ನಮ್ಮ ಕಾಲೇಜಿನ ಹಿರಿಯ ಮಿತ್ರರಲ್ಲಿ ಎಷ್ಟೋ ಮಂದಿಗೆ ಅಷ್ಟು ಬರುತ್ತಿಲ್ಲ. ಕೇಳಿ ಹೇಳುತ್ತೇನೆಂದು ತಂದೆ ಉತ್ತರ ಕೊಟ್ಟರಂತೆ. ಈ ವಿಷಯ ನನಗೆ ತಿಳಿದದ್ದು ತಾಯಿಯಿಂದ. ಅವರು ಇನ್ನೂ ನನ್ನನ್ನು ಕೇಳಿಲ್ಲ. ಭಾನುವಾರ ಬೆಳಿಗ್ಗೆ ಮಾತ್ರ ಯಜಮಾನರ ಅನುಮತಿ ಪಡೆದು, ತೋಟದ ಹಳೆಯ ಜೀಪಿನಲ್ಲಿ ನನ್ನನ್ನು ಲಿಂಗದಹಳ್ಳಿಯ ರಸ್ತೆಗೆ ಕರೆದೊಯ್ಯುತ್ತಾರೆ. ಇಳಿಜಾರು ಬಂದಾಗ ಬ್ರೇಕಿನ ಮೇಲಿನ ನನ್ನ ಕಾಲನ್ನು ತೆಗೆಸಿ, ಎರಡನೆಯ ಗೇರಿಗೆ ಹಾಕಿಸಿ, ಸದ್ದು ಕೇಳು ಎನ್ನುತ್ತಾರೆ.